ನಾನು ತಿರುಗಿಸಿದ ಬಿರಡೆ

2017ರ ಫೆಬ್ರವರಿಯ ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರಿಗೆ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ತತ್ವಪದ ಹಾಡುವ ಹಣಮವ್ವ ಅವರ ಏಕತಾರಿಯ ತಂತಿಯನ್ನು, ಅದರ ಬಿರಡೆ ತಿರುಗಿಸಿ, ಅವರಿಗೆ ಗೊತ್ತಾಗದಂತೆ ನಾನು ಬಿಗಿ ಮಾಡಿದೆ. ಆ ಶ್ರುತಿಗೆ ಅವರ ದನಿ ಏರಲಿಲ್ಲ. ತಮ್ಮ ದನಿಯೇ ಹೋಯಿತೆಂದು ಅವರು ನಂಬಿದರು. ಹಾಗಲ್ಲ ಎಂದು ನಾನು ಹೇಳಲಿಲ್ಲ — ಅಂದೂ ಹೇಳಲಿಲ್ಲ, ಮುಂದಿನ ಎಂಟು ವರ್ಷವೂ ಹೇಳಲಿಲ್ಲ.

ನಾನು ಯಾದಗಿರಿಯವನು. ಹಗಲು ಒಂದು ದಿನಪತ್ರಿಕೆಯ ವರದಿಗಾರ. ಸಂಜೆ ಲಗ್ನ, ಭಜನೆ, ಶಾಲೆಯ ಕಾರ್ಯಕ್ರಮ ಎಲ್ಲೇ ಕರೆದರೂ ಸಿತಾರ್ ನುಡಿಸಲು ಹೋಗುವವನು. ಆ ವರ್ಷ ಪತ್ರಿಕೆಯ ಭಾನುವಾರದ ಪುಟಕ್ಕೆ ಜಿಲ್ಲೆಯ ತಂತಿವಾದ್ಯದವರನ್ನು ಮಾತನಾಡಿಸಿ ಬರೆಯುತ್ತಿದ್ದೆ. ಮಾತು ಮುಗಿದ ಮೇಲೆ ಅವರ ಜೊತೆ ಕೂತು ಒಂದು ಪದ ನುಡಿಸಿ, ಅದನ್ನು ಧ್ವನಿಮುದ್ರಿಸಿಕೊಳ್ಳುವುದು ನನ್ನ ರೂಢಿ. ಸುರಪುರದ ತುಂತುಣಿಯವರೊಬ್ಬರ ಜೊತೆ ಹಾಗೆ ನುಡಿಸಿದ್ದೆ. ಶಹಾಪುರದ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ ಚೌಡಿಕೆಯವರ ಜೊತೆಯೂ. ಹಣಮವ್ವ ಮೂರನೆಯವರು.

ಆಗ ಅವರಿಗೆ ಅರವತ್ತು ದಾಟಿತ್ತು. ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದರು. ಪ್ರತಿ ಸೋಮವಾರ ಸಂಜೆ ಊರ ಮಠದಲ್ಲಿ ನಡೆಯುವ ಭಜನೆಯಲ್ಲಿ ಮುಂದಾಳಾಗಿ ಹಾಡುವವರು ಅವರೇ. ಏಕತಾರಿ ಗುರುವಿನಿಂದ ಬಂದದ್ದು, ಶ್ರುತಿಯೂ ಗುರುವಿನದೇ.

"ಪೇಟಿ ನೋಡಿ ಶ್ರುತಿ ಕೂಡಸೂದಿಲ್ಲೇನ್ರಿ?" ಎಂದು ಕೇಳಿದೆ. ಪೇಟಿ ಅಂದರೆ ಹಾರ್ಮೋನಿಯಂ.

"ಪೇಟಿಯವ್ರು ನಮ್ಮ ಕಡಿ ಬರಬೇಕ್ರಿ ಸರ, ನಾವು ಪೇಟಿ ಕಡಿ ಹೋಗಂಗಿಲ್ಲ. ನಮ್ಮ ಗುರುವಿನ ದನಿ ಇನ್ನಾ ಕಿವ್ಯಾಗ ಅದ. ಮುಂಜಾನಿ ಜಳಕ ಆದ ಮ್ಯಾಲೆ ಒಮ್ಮೆ ಬಿರಡಿ ತಿರುವತೀನಿ. ವಿಭೂತಿ ಹಚ್ಚಿದ್ನಂದ್ರ ಮುಗೀತು, ಮರುದಿನಾ ಮುಂಜಾನಿ ತನಾ ಯಾರೂ ಮುಟ್ಟಂಗಿಲ್ಲ. ತಂತಿ ಹೇಳಿದ್ದು ಗುರು ಹೇಳಿದಂಗ."

ಸೊಸೆ ಲಕ್ಷ್ಮಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. "ತಂತಿ ಮಾತ ಕೇಳ್ತಾಳ್ರಿ, ಸೊಸಿ ಮಾತ ಒಂದೂ ಕೇಳಂಗಿಲ್ಲ."

"ತಂತಿ ಒಂದ ಮಾತ ಆಡ್ತದ, ನೀ ಹತ್ತ ಆಡ್ತಿ," ಎಂದರು ಹಣಮವ್ವ.

ಇನ್ನೊಂದು ಮಾತನ್ನೂ ಆಗ ಹೇಳಿದರು. ಅದು ನನ್ನ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಈಗಲೂ ಇದೆ: "ದನಿ ತಂತಿಗೆ ಮುಟ್ಟಲಿಲ್ಲಂದ್ರ ತಂತಿ ಇಳಸಬಾರದ್ರಿ. ಏಕತಾರಿ ಗುರುವಿನ ಮುಂದಿಟ್ಟು ಎದ್ದು ಬಿಡಬೇಕು. ಮತ್ತ ಹಾಡಬಾರದು. ನಮ್ಮ ಗುರು ಹಂಗ ಎದ್ರು." ಅಂದರೆ ಇದು ನನಗೆ ಮೊದಲೇ ಗೊತ್ತಿತ್ತು. ಅರ್ಧ ಗಂಟೆ ಮೊದಲು ಬರೆದುಕೊಂಡಿದ್ದೆ. ಗೊತ್ತಿಲ್ಲದೆ ಮಾಡಿದೆ ಎನ್ನಲು ಬರುವುದಿಲ್ಲ.

ಮೈಕ್ ಪರೀಕ್ಷೆಗೆಂದು ಅವರು ಎರಡು ಸಾಲು ಹಾಡಿ ತೋರಿಸಿದರು. ಅಷ್ಟರಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡಿತೆಂದು ಯಾರೋ ಕೂಗಿದರು. ಏಕತಾರಿಯನ್ನು ಗೋಡೆಗೆ ಒರಗಿಸಿ ಹೊರಗೆ ಹೋದರು. ಲಕ್ಷ್ಮಿ ಚಹಾ ಇಡಲು ಒಳಗೆ ಹೋದರು.

ಅವರ ತಂತಿ ಕಾಳಿ ಐದರಲ್ಲಿತ್ತು, ಅಂದರೆ ಪೇಟಿಯ ಐದನೆಯ ಕರಿ ಪಟ್ಟಿಯ ಶ್ರುತಿಯಲ್ಲಿ. ನನ್ನ ಸಿತಾರ್ ಅದರ ಮುಂದಿನ ಸಪ್ತಕದ ಕಾಳಿ ಒಂದರಲ್ಲಿತ್ತು — ಪೇಟಿಯ ಮೇಲೆ ಎಣಿಸಿದರೆ ಮೂರು ಪಟ್ಟಿ ಮೇಲೆ. ಅವರ ಶ್ರುತಿಗೆ ನಾನು ಇಳಿಯಬೇಕೆಂದರೆ ಮೇಲಿನ ಏಳು ತಂತಿ, ಅವುಗಳ ಕೆಳಗೆ ಅನುರಣಿಸುವ ಹನ್ನೊಂದು ತರಬಿನ ತಂತಿ, ಒಟ್ಟು ಹದಿನೆಂಟನ್ನು ಸಡಿಲಿಸಿ ಮತ್ತೆ ಕೂಡಿಸಬೇಕು. ಅರ್ಧ ಗಂಟೆಯ ಕೆಲಸ. ಅವರದು ಒಂದೇ ತಂತಿ. ನನಗೆ ಶಹಾಪುರದಲ್ಲಿ ಮಧ್ಯಾಹ್ನ ಒಂದು ಸಭೆಯ ವರದಿ ಇತ್ತು. ಬಿರಡೆ ತಿರುಗಿಸಿದೆ. ಅಷ್ಟೇ ಯೋಚಿಸಿದ್ದು, ಹೆಚ್ಚು ಯೋಚಿಸಿದ ನೆನಪಿಲ್ಲ. ಬಿರಡೆಯ ಮೇಲಿನ ವಿಭೂತಿ ನನ್ನ ಬೆರಳಿಗೆ ಹತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡೆ.

ಹಣಮವ್ವ ಬಂದು ಕೈ ತೊಳೆದು ಕೂತರು. ತಂತಿಯನ್ನು ಎರಡು ಸಲ ಮೀಟಿ ತಲೆ ಓರೆ ಮಾಡಿದರು. ಏನೋ ಅನಿಸಿರಬೇಕು — ಆದರೆ ಮುಂಜಾನೆ ತಾವೇ ಕೂಡಿಸಿದ ತಂತಿ. ಹಾಡಿದರು. ಮೊದಲ ಸಾಲು ಹೇಗೋ ದಾಟಿತು. ಎರಡನೆಯ ಸಾಲು ಮೇಲೇರುವಲ್ಲಿ ದನಿ ಸೀಳಿತು. ನೀರು ಕುಡಿದು ಮತ್ತೆ ಹಾಡಿದರು. ಮತ್ತೆ ಅಲ್ಲಿಯೇ. ಮೂರನೆಯ ಸಲವೂ.

"ಸರ, ತಂತಿ ಸರಿ ಅದನೇನ್ರಿ?"

ಅವರು ಕೇಳಿದ್ದು ನನ್ನನ್ನೇ. ಸಿತಾರಿನವನು, ಶ್ರುತಿ ಬಲ್ಲವನು ಎಂದು.

"ಸರಿ ಅದ್ರಿ, ಅವ್ವ," ಎಂದೆ.

"ಅಂದ್ರ ನಂದ ಹೋಗ್ಯಾದ," ಎಂದರು. ಅಳಲಿಲ್ಲ. ಏಕತಾರಿಗೆ ಬಟ್ಟೆ ಸುತ್ತಿ, ಗೋಡೆಯ ಮಾಡದಲ್ಲಿದ್ದ ಗುರುವಿನ ಫೋಟೋ ಮುಂದೆ ಇಟ್ಟರು. ಲಕ್ಷ್ಮಿ ಚಹಾದ ಲೋಟ ಹಿಡಿದು ನಿಂತಿದ್ದವರು, "ನೆಗಡಿ ಆಗಿರಬೇಕು, ಅತ್ತಿ" ಎಂದರು. ಆಗ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ನಾನು ಚಹಾ ಕುಡಿದೆ.

ಭಾನುವಾರದ ಪುಟದಲ್ಲಿ ಬರೆದೆ: ವಯಸ್ಸು ಹಣಮವ್ವನವರ ದನಿಯನ್ನು ಕಸಿದಿದೆ; ನನ್ನ ಕಣ್ಣೆದುರಿಗೇ ಅವರು ಏಕತಾರಿ ಕೆಳಗಿಟ್ಟರು. ಎರಡನೆಯದು ನಿಜ, ಮೊದಲನೆಯದು ಸುಳ್ಳು. ಬರಹ ಚೆನ್ನಾಗಿದೆ ಎಂದು ಕೆಲವರು ಫೋನ್ ಮಾಡಿದರು. ಭಜನೆಯವರು ಅದನ್ನು ಮಠದಲ್ಲಿ ಗಟ್ಟಿಯಾಗಿ ಓದಿದರಂತೆ. ಹಣಮವ್ವ ಅಲ್ಲಿ ಕೂತು ಕೇಳಿಸಿಕೊಂಡರಂತೆ; ಆಮೇಲೆ ಭಜನೆಗೆ ಹೋಗಲಿಲ್ಲವಂತೆ. ಅದೇ ಮಾಲಿಕೆಯಲ್ಲಿ ಸುರಪುರದ ತುಂತುಣಿಯವರ ತಂದೆಯ ಹೆಸರು ತಪ್ಪಾಗಿ ಅಚ್ಚಾಗಿತ್ತು. ಮುಂದಿನ ವಾರವೇ ತಿದ್ದುಪಡಿ ಹಾಕಿಸಿದ್ದೆ. ನಾನು ಅಂಥವನು. ಒಂದು ಹೆಸರು ತಪ್ಪಿದರೂ ನಿದ್ದೆ ಬರುವುದಿಲ್ಲ ಎಂದು ಕಿರಿಯ ವರದಿಗಾರರಿಗೆ ಹೇಳುತ್ತಿದ್ದೆ.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು — ಅವರ ದನಿ ಹೇಗೂ ಹೋಗುವುದರಲ್ಲಿತ್ತು, ತಂತಿ ಒಂದು ನೆಪ. ಈ ವರ್ಷ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಹಾಕುವಾಗ ಮೈಕ್ ಪರೀಕ್ಷೆಯ ಆ ಎರಡು ಸಾಲು ಸಿಕ್ಕವು. ಎಮ್ಮೆ ಬಿಚ್ಚಿಕೊಳ್ಳುವ ಮೊದಲಿನವು, ಅವರ ಸ್ವಂತ ಶ್ರುತಿಯವು. ತುಂಬಿದ ದನಿ. ಎಲ್ಲೂ ಬಿರುಕಿಲ್ಲ. ಕೇಳಿದಾಗ ನನಗೆ ಏನೂ ಅನಿಸಲಿಲ್ಲ. ಇನ್ನೊಮ್ಮೆ ಕೇಳಿದೆ. ಆಗಲೂ ಏನೂ ಅನಿಸಲಿಲ್ಲ. ಮರುದಿನ ಗೋಗಿಗೆ ಹೋದೆ.

ಹಣಮವ್ವ ಕಟ್ಟೆಯ ಮೇಲೆ ಕೂತಿದ್ದರು. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಫೋನಿನಲ್ಲಿ ಆ ಎರಡು ಸಾಲು ಹಚ್ಚಿದೆ.

"ಯಾರ್ ಹಾಡಾಕತ್ತಾರ?" ಎಂದು ಕೇಳಿದರು.

"ನೀನ, ಅತ್ತಿ," ಎಂದರು ಲಕ್ಷ್ಮಿ.

ಅವರು ಫೋನಿನ ಕಡೆಯೇ ನೋಡಿದರು. "ಅಂದ್ರ ಆಗ ನನ್ನ ದನಿ ಹೋಗಿದ್ದಿಲ್ಲ."

"ಇಲ್ಲವ್ವ."

"ಈಗ ಹೋಗ್ಯಾದ."

ಲಕ್ಷ್ಮಿ ನನ್ನ ಕಡೆ ತಿರುಗಿದರು. "ಎಂಟು ವರ್ಷ ಬಾಯಾಗ ಏನ್ ಇಟ್ಕೊಂಡಿದ್ರಿ, ಸರ? ನಿಮ್ಮ ಪೇಪರ್ ದಿನಾ ಬರ್ತಿತ್ತಲ್ಲ?"

ಹೆದರಿದ್ದೆ ಎನ್ನಬಹುದು, ಆದರೆ ಅದೂ ಪೂರ್ತಿ ನಿಜವಲ್ಲ — ಹೇಳದೆ ಇರುವುದು ಸುಲಭವಾಗಿತ್ತು. ಅಷ್ಟೇ ನನಗೆ ಗೊತ್ತಿರುವುದು.

ಅಂದು ಬರೆದದ್ದನ್ನು ಇಲ್ಲಿ ತಿದ್ದುತ್ತಿದ್ದೇನೆ: ಹಣಮವ್ವನವರ ದನಿಯನ್ನು ವಯಸ್ಸು ಕಸಿಯಲಿಲ್ಲ. ಇದನ್ನು ಅದೇ ಭಾನುವಾರದ ಪುಟಕ್ಕೆ ಕೊಡುತ್ತಿದ್ದೇನೆ. ಮಠದಲ್ಲಿ ಗಟ್ಟಿಯಾಗಿ ಓದಬೇಕೆಂದು ಭಜನೆಯವರನ್ನು ಕೇಳಿಕೊಂಡಿದ್ದೇನೆ.

ಕಳೆದ ಸೋಮವಾರ ಲಕ್ಷ್ಮಿ ಫೋನ್ ಮಾಡಿದ್ದರು. ಅತ್ತೆ ಭಜನೆಗೆ ಹೋಗಿದ್ದರಂತೆ, ಎಂಟು ವರ್ಷದಲ್ಲಿ ಮೊದಲ ಸಲ. ಏಕತಾರಿ ಒಯ್ದಿರಲಿಲ್ಲ. ಬಾಗಿಲ ಹತ್ತಿರ ಕೂತು ಕೊನೆಯ ಪದದ ತನಕ ತಾಳ ಹಾಕಿದರು. ಹಾಡಲಿಲ್ಲ.