ಮಂಜುಗಡ್ಡೆಯ ತೆಪ್ಪಕ್ಕೆ ಆಯುಧಪೂಜೆ

ಐವತ್ತಮೂರನೇ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ಕೋಲ್ಡ್ ಸ್ಟೋರೇಜ್ ಎಂಜಿನಿಯರನ್ನು ಬೇ ಏರಿಯಾದಲ್ಲಿ ಯಾರೂ ಕೇಳುವುದಿಲ್ಲ. ಹತ್ತು ತಿಂಗಳು ಮನೆಯಲ್ಲಿ ಕೂತು ಅದನ್ನು ಚೆನ್ನಾಗಿ ಕಲಿತಿದ್ದೆ. ಹಾಗಾಗಿ ಇಲ್ಲೇ ಸಣ್ಣ ಕಂಪನಿ ತೆರೆದಿದ್ದ ಮೈಸೂರಿನವರೊಬ್ಬರು ಫೋನ್ ಮಾಡಿ, ಕೊಲ್ಲಿಯ ನೀರಿನಲ್ಲಿ ಮಂಜುಗಡ್ಡೆಯ ತೆಪ್ಪ ಕಟ್ಟುತ್ತೇವೆ, ಅದು ಅಲೆ ತಡೆದು ಕೊರೆದುಹೋಗುತ್ತಿರುವ ದಡವನ್ನು ಕಾಪಾಡುತ್ತದೆ ಎಂದಾಗ ನಾನು ನಗಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು ಗೊತ್ತಿದ್ದೂ, ನಮ್ಮ ಮನೆಯಿರುವ ಎವರ್‌ಗ್ರೀನ್‌ನಿಂದ ದಿನಾ ಒಂದೂವರೆ ಗಂಟೆ ಫ್ರೀವೇಯಲ್ಲಿ ಕಾರು ಓಡಿಸಿಕೊಂಡು ಹೋದೆ.

ಬರೀ ಮಂಜುಗಡ್ಡೆ ಬೇಗ ಬಿರುಕು ಬಿಡುತ್ತದೆ. ಮರದ ಹೊಟ್ಟು ಕಲಸಿ ಹೆಪ್ಪುಗಟ್ಟಿಸಿದರೆ ಗಟ್ಟಿ, ಕರಗುವುದೂ ನಿಧಾನ. ಮಂಡ್ಯದಲ್ಲಿ ಕಬ್ಬಿನ ಹಾಲಿನ ಅಂಗಡಿಯವನು ಐಸನ್ನು ಹೊಟ್ಟಿನಲ್ಲಿ ಹೂತು ಗೋಣಿ ಹೊದಿಸುತ್ತಿದ್ದುದನ್ನು ನೋಡಿ ಬೆಳೆದವಳಿಗೆ ಇದು ಹೊಸದೇನಲ್ಲ. ತೆಪ್ಪದೊಳಗೆ ಕೊಳವೆ ಹಾಯಿಸಿ, ದಡದ ಮೇಲಿನ ಕಂಪ್ರೆಸರಿನಿಂದ ತಣ್ಣನೆಯ ಉಪ್ಪುನೀರು ಹರಿಸಿದೆವು. ಬ್ಯಾಡ್ಮಿಂಟನ್ ಅಂಕಣದಷ್ಟು ದೊಡ್ಡದಾಗಿ ಅದು ತೇಲಿತು. ಮೊದಲ ಸಲ ಅದರ ಮೇಲೆ ನಡೆದಾಗ ನನಗೆ ಅಳು ಬಂತು. ಸೋಮವಾರ ಬಂಡವಾಳ ಹಾಕುವವರು ನೋಡಲು ಬರುವವರಿದ್ದರು. ಅಲ್ಲಿಯವರೆಗೆ ತೆಪ್ಪ ಉಳಿದರೆ ಕಂಪನಿ ಉಳಿಯುತ್ತದೆ, ನಾನೂ ಎಂಜಿನಿಯರಾಗಿ ಉಳಿಯುತ್ತೇನೆ.

ಅದಕ್ಕೆ ಮುಂಚಿನ ಶುಕ್ರವಾರ ಆಯುಧಪೂಜೆ. ನನ್ನ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಆ ದಿನ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಕುಂಕುಮ ಇಡುತ್ತಿದ್ದರು. ನಾನೂ ಸ್ಪ್ಯಾನರುಗಳನ್ನು ಕಂಪ್ರೆಸರಿನ ಮುಂದೆ ಜೋಡಿಸಿ, ನಿಂಬೆಹಣ್ಣು ಹಿಡಿದು ನಿಂತೆ.

"ಆಫ್ ಮಾಡ್ಲೇಬೇಕಾ ಮೇಡಂ? ಇವತ್ತು ತುಂಬಾ ಹೀಟ್ ಇದೆ," ಎಂದರು ಮೈಸೂರಿನವರು. ಇಲ್ಲಿ ಅಕ್ಟೋಬರಿನಲ್ಲೂ ಸುಡುವ ಬಿಸಿಲಿರುತ್ತದೆ.

"ಓಡೋ ಮೆಷಿನ್‌ಗೆ ಯಾರಾದ್ರೂ ಪೂಜೆ ಮಾಡ್ತಾರಾ ಸರ್? ಅರ್ಧ ಗಂಟೆ ಅದಕ್ಕೂ ರೆಸ್ಟ್ ಕೊಡಿ."

ಮಂಗಳಾರತಿ ಆಯಿತು, ಕಡಲೆಪುರಿ ಹಂಚಿದೆ. ಸ್ವಿಚ್ ಒತ್ತಿದರೆ ಕಂಪ್ರೆಸರ್ ಒಮ್ಮೆ ಗುರ್ ಎಂದು ಸುಮ್ಮನಾಯಿತು. ಆ ಹಳೆಯ ಮೋಟಾರನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು, ಮತ್ತೆ ಏಳುವುದಿಲ್ಲ ಎಂದು ಅದರ ಪಕ್ಕದ ಗೋಡೆಗೆ ಚೀಟಿ ಬರೆದು ಅಂಟಿಸಿದವಳು ನಾನೇ. ರಿಪೇರಿಯವರು ಸೋಮವಾರ ಮಧ್ಯಾಹ್ನ ಬರುತ್ತೇವೆ ಎಂದರು.

ಭಾನುವಾರ ತೆಪ್ಪ ಎರಡು ಹೋಳಾಯಿತು. ಸೋಮವಾರ ಬಂದವರು ನೋಡಿದ್ದು ಬೋಳು ಕೊಳವೆಗಳನ್ನು, ಸುತ್ತ ರವೆಗಂಜಿಯ ಹಾಗೆ ತೇಲುತ್ತಿದ್ದ ಹೊಟ್ಟನ್ನು. "ಮೋಟಾರ್ ಕೈಕೊಟ್ಟಿತು," ಎಂದು ಮೈಸೂರಿನವರು ನನ್ನ ಕಡೆ ನೋಡದೆ ಅವರಿಗೆ ಹೇಳಿದರು. ನಾನು ನಾಚಿಕೆಯಿಂದ ಕುಗ್ಗಿಹೋಗಿದ್ದೆ.

"ನಿಲ್ಲಿಸದಿದ್ರೂ ಮುಂದಿನ ಸಮ್ಮರ್‌ಗೆ ಕರಗೇ ಕರಗ್ತಿತ್ತು ಬಿಡಿ ಮೇಡಂ," ಎಂದರು ಆಮೇಲೆ. ಇರಬಹುದು. ನಮಗೆ ಸೋಮವಾರದವರೆಗೆ ಉಳಿದಿದ್ದರೆ ಸಾಕಿತ್ತು. ತಿಂಗಳೊಳಗೆ ಕಂಪನಿ ಮುಚ್ಚಿತು.

ಈ ವರ್ಷದ ಆಯುಧಪೂಜೆಗೆ ಮಗಳು ಕಾರು ತೊಳೆದು ಹೂ ಇಟ್ಟಳು. ನಾನು ಹಾಕಿದ ಅರ್ಜಿಗಳಿಗೆ ಇನ್ನೂ ಒಂದು ಉತ್ತರವೂ ಬಂದಿರಲಿಲ್ಲ. ಅವಳು ಗರಾಜಿನಿಂದ ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನೂ ಹೊತ್ತು ತಂದಳು.

"ಅಮ್ಮಾ, ಟೂಲ್ಸ್‌ಗೂ ಪೂಜೆ, ರೈಟ್? ಇವತ್ತು ಅದಕ್ಕೆ ರೆಸ್ಟ್ ಅಲ್ವಾ?"

"ಒಳಗಿಡು ಪುಟ್ಟಿ," ಎಂದೆ. "ಅವಕ್ಕೆ ವರ್ಷದಿಂದ ರೆಸ್ಟೇ."