ಉಬ್ಬು ತಲೆಯ ಪಿಸ್ಟನ್

ಭಾವನವರ ಹಳೆಯ ಲಾರಿಯನ್ನು ಓಡಿಸುತ್ತಿದ್ದವನು ನಾನು. ಹರಿಯಬ್ಬೆ ಕಡೆಯ ಕಡಲೆಕಾಯಿ ಮೂಟೆಗಳನ್ನು ಚಿತ್ರದುರ್ಗಕ್ಕೆ ಸಾಗಿಸುತ್ತಿದ್ದೆವು. ಮಹಾರಾಜರ ಕಾಲ, ಲಾರಿ ಇದ್ದವರೇ ಕಡಿಮೆ. ಇದ್ದವರಲ್ಲಿ ಹೊಸದುರ್ಗದ ಒಬ್ಬರ ಲಾರಿ ಏರಿನಲ್ಲಿ ಯಾವಾಗಲೂ ನಮ್ಮನ್ನು ಹಿಂದೆ ಹಾಕುತ್ತಿತ್ತು. ಭಾವನವರಿಗೆ ಅದು ನುಂಗಲಾರದ ಸಂಗತಿ.

ಒಂದು ಬೇಸಿಗೆಯಲ್ಲಿ ನಮ್ಮ ಲಾರಿ ನೀಲಿ ಹೊಗೆ ಬಿಡತೊಡಗಿತು. ದುರ್ಗದ ಮೇಸ್ತ್ರಿ ಎಂಜಿನ್ ಬಿಚ್ಚಿ, ಪಿಸ್ಟನ್‌ಗಳು ಸವೆದಿವೆ ಎಂದು ಎರಡು ಬಗೆಯ ಹೊಸವನ್ನು ಮುಂದಿಟ್ಟರು. ಒಂದು ಮೊದಲಿನಂಥದೇ, ಚಪ್ಪಟೆ ತಲೆಯದು, ಅಗ್ಗ. ಇನ್ನೊಂದರ ತಲೆ ಉಬ್ಬಿತ್ತು, ಬೆಲೆಯೂ.

"ಉಬ್ಬಿದ್ದು ಹಾಕಿದ್ರೆ ಒಳಗೆ ಜಾಗ ಕಮ್ಮಿ. ಗಾಳಿ, ಪೆಟ್ರೋಲು ಬಿಗಿಯಾಗಿ ಹಿಂಡ್ತೈತೆ, ಬಲ ಜಾಸ್ತಿ. ಆದ್ರೆ ಪೆಟ್ರೋಲು ಚೊಕ್ಕ ಇರ್ಬೇಕು. ನೀವು ಎಂಥದು ಹಾಕ್ತೀರಿ?"

"ಚೊಕ್ಕದ್ದೇ," ಎಂದರು ಭಾವ.

ಪ್ರತಿ ಸಲವೂ ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸುತ್ತಿದ್ದವರು ಅವರೇ. ಅದಕ್ಕೆ ಅವರಿಟ್ಟ ಹೆಸರು ಉಳಿತಾಯ. ಅವರ ಮಾತಿಗೆ ಎದುರಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಉಬ್ಬಿದ್ದನ್ನೇ ಕೂಡಿಸಿದ್ದಾಯಿತು.

ಮೊದಲ ಏರಿನಲ್ಲೇ ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಬಂತು.

"ನಿಲ್ಸಾಣೇನು ಭಾವ?"

"ಬೇಡ, ಬಲ ಬಂದೈತಲ್ಲ, ಅದರ ಸದ್ದು ಅದು."

ಏರಿನ ಅರ್ಧಕ್ಕೆ ಬಲವೆಲ್ಲ ಆವಿಯಾಗಿ ಹೊರಬಂದು ಲಾರಿ ನಿಂತಿತು. ಕುರಿ ಹಿಂಡೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಹಿಂದಿದ್ದ ಮುದುಕ, "ಎತ್ತು ಹೊಡ್ಕಂಡು ಬರಾಣೇನ್ರಿ?" ಎಂದು ವಿಚಾರಿಸಿದ.

"ನಾವೇ ನಿಲ್ಸಿದೀವಿ," ಎಂದರು ಭಾವ.

ಮೇಸ್ತ್ರಿ ಮತ್ತೆ ಎಂಜಿನ್ ಬಿಚ್ಚುವ ಮುನ್ನ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. "ಇದು ಲಾರಿನೋ ಲಾಟೀನೋ? ಇನ್ನು ಸೀಮೆಎಣ್ಣೆ ಬೆರೆಸೋದು ಬಿಡ್ರಿ. ಇಲ್ಲಾಂದ್ರೆ ಎಂಜಿನ್ ಮುಚ್ಚಳದ ಕೆಳಗೆ ಇನ್ನೊಂದು ಗ್ಯಾಸ್ಕೆಟ್ ತಗಡು ಇಟ್ಟು ಎತ್ತರಿಸ್ತೀನಿ. ಜಾಗ ಮೊದಲಿನಷ್ಟೇ ಆಗ್ತೈತೆ, ಬಲಾನೂ ಅಷ್ಟೇ."

ಭಾವ ಹೆಚ್ಚು ಯೋಚಿಸಲಿಲ್ಲ. "ಗ್ಯಾಸ್ಕೆಟ್ ಇಡ್ರಿ."

ಹೀಗೆ ದುಬಾರಿ ಬಲವನ್ನು ಕೊಂಡು, ಅದು ಕೆಲಸ ಮಾಡದಂತೆ ತಡೆಯಲು ಮತ್ತೆ ಕೂಲಿ ಕೊಟ್ಟೆವು. ಲಾರಿ ಥೇಟ್ ಹಿಂದಿನಂತೆಯೇ ಓಡಿತು. ಹೊಸದುರ್ಗದವರು ಎಂದಿನಂತೆ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು.

ಆದರೆ ಭಾವ ಹೋದಲ್ಲೆಲ್ಲ ಪಿಸ್ಟನ್ನಿನ ವರ್ಣನೆ ಮಾಡಿದ್ದರು. ಹೊಳಲ್ಕೆರೆಯ ವ್ಯಾಪಾರಿಯೊಬ್ಬರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, "ಉಬ್ಬು ಪಿಸ್ಟನ್ನಿನ ಲಾರಿ ನಿಮ್ದೇ ಅಂತಲ್ಲ, ನಮ್ ಮೂಟೆ ಇನ್ಮೇಲೆ ನೀವೇ ಸಾಗಿಸ್ರಿ," ಎಂದರು.

ಭಾವ ಗಂಭೀರವಾಗಿ ತಲೆಯಾಡಿಸಿದರು. ಆ ವರ್ಷವೆಲ್ಲ ಅವರ ಮೂಟೆಗಳು ನಮ್ಮ ಲಾರಿಯಲ್ಲೇ ಹೋದವು, ನಿಧಾನವಾಗಿ.