ಮೂರು ನಿಂಬೆಹಣ್ಣು, ಒಂದು ಹಂಪ್ಸ್

ಬೆಳಿಗ್ಗೆ ಪಾನಕಕ್ಕೆಂದು ನಿಂಬೆಹಣ್ಣು ಹೆಚ್ಚಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಬ್ಬನೇ ನಗತೊಡಗಿದೆ. ಹೆಂಡತಿ ಒಂದು ಸಲ ನನ್ನನ್ನೂ ಒಂದು ಸಲ ಚಾಕುವನ್ನೂ ನೋಡಿ ಹೊರಟುಹೋದಳು. ನೀವಾದರೂ ಕೇಳಿ.

ಹಿಂದೂಪುರದಲ್ಲಿ ನಮ್ಮ ರಸ್ತೆ ಅಗಲವಾದ ವರ್ಷ ಅದು. ಈ ಬದಿಗೆ ದೊಡ್ಡಮ್ಮನ ಮನೆ, ಆ ಬದಿಗೆ ಸರಿಯಾಗಿ ಎದುರಿಗೆ ಅವಳ ತಂಗಿ, ನಮ್ಮ ಚಿಕ್ಕಮ್ಮನ ಮನೆ. ಮೊದಲು ಬಟ್ಟಲಿನ ಸಾರು ಆರುವುದರೊಳಗೆ ದಾಟಿಬಿಡುತ್ತಿದ್ದ ರಸ್ತೆ. ಈಗ ಹುಣಸೆಹಣ್ಣಿನ ಲಾರಿ, ಆಟೊ, ಎಲ್ಲಕ್ಕೂ ಮೇಲೆ ಹೊತ್ತು ಮೀರಿತೆಂದು ಹಾರಿಬರುವ ಕಲ್ಯಾಣದುರ್ಗದ ಬಸ್ಸು. ದೊಡ್ಡಮ್ಮನಿಗೆ ಅದನ್ನು ಕಂಡರೆ ಎದೆನಡುಕ, ಚಿಕ್ಕಮ್ಮನಿಗೆ ಮಂಡಿನೋವು. ಕೈಹಿಡಿದು ದಾಟಿಸುತ್ತೇನೆಂದರೆ ಇಬ್ಬರಿಗೂ ಅವಮಾನ. ಆರು ತಿಂಗಳು ಅಕ್ಕತಂಗಿಯರು ಎದುರುಬದುರು ಜಗಲಿಯಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತಾ, ಫೋನಿನಲ್ಲಿ ಮಾತಾಡಿದರು. ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಂಕಟವಾಗುತ್ತಿತ್ತು.

ಕೊನೆಗೆ ಬೀದಿಯವರೆಲ್ಲ ಸೇರಿ ರಸ್ತೆ ಸುರಕ್ಷತಾ ಸಮಿತಿ ಕಟ್ಟಿದೆವು. ಅಕ್ಷರ ದುಂಡಗಿದೆಯೆಂಬ ಒಂದೇ ಯೋಗ್ಯತೆಯ ಮೇಲೆ ನಾನು ಕಾರ್ಯದರ್ಶಿಯಾದೆ. ಹಂಪ್ಸ್ ಬೇಕೆಂದು ಎಲ್ಲರೂ ಒಪ್ಪಿದರು. ತಮ್ಮ ಅಂಗಡಿ ಮುಂದೆ ಬೇಡವೆಂದೂ ಎಲ್ಲರೂ ಒಪ್ಪಿದರು. ನಾನು ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆದೆ. ಅದರಲ್ಲಿ ದೊಡ್ಡಮ್ಮನ ಮನೆ ಯಾಕೋ ಬಸ್ ನಿಲ್ದಾಣಕ್ಕಿಂತ ದೊಡ್ಡದಾಗಿ ಬಂದಿತ್ತು. ನಗರಸಭೆಯಿಂದ ಜಾಗ ನೋಡಲು ಬಂದ ಇಂಜಿನಿಯರ್ ಸಂಭಾವಿತ ಮನುಷ್ಯ. ಮೊದಲು ದೊಡ್ಡಮ್ಮನ ಮನೆ ಮುಂದೆ ಬಿಳಿ ಪಟ್ಟೆ ಬಳಿದು ನೋಡೋಣ, ಗಾಡಿಗಳು ನಿಧಾನಿಸಿದರೆ ಸಾಕಲ್ಲ ಅಂದರು. ಬಳಿಸಿದರು. ಬಸ್ಸು ಅದರ ಮೇಲೆ ಇನ್ನೂ ಖುಷಿಯಾಗಿ ಹೋಯಿತು.

"ಬರೀ ಗೆರೆಗೆ ಯಾವನ್ ಹೆದರ್ತಾನೆ ಕಣಪ್ಪ? ನಿಂಬೆಹಣ್ಣು ಮಡಗಿ ನೋಡು," ಅಂದಳು ದೊಡ್ಡಮ್ಮ.

ನಾನು ಓದಿದವನು. ಮೂಢನಂಬಿಕೆಯ ಮೇಲೆ ಭಾಷಣ ಬಿಗಿದೆ. ಅವಳು ಕೇಳಿಸಿಕೊಳ್ಳುತ್ತಲೇ ಮೂರು ಹಣ್ಣು ಕೊಯ್ದು, ಕುಂಕುಮ ಮೆತ್ತಿ, ಪಟ್ಟೆಯ ಉದ್ದಕ್ಕೂ ಗಾಡಿ ನುಸುಳುವಷ್ಟು ಸಂದಿ ಬಿಡದಂತೆ ಹೋಳುಗಳನ್ನು ಇಡಿಸಿದಳು, ಅದೂ ನನ್ನ ಕೈಯಿಂದಲೇ. ಏನು ಹೇಳಲಿ! ಆಟೊಗಳು ತೆವಳಿದವು. ಲಾರಿಯವನು ಇಳಿದು ನೋಡಿ, ಕೈಮುಗಿದು, ಮತ್ತೆ ಹತ್ತಿದ. ದೃಷ್ಟಿ ತೆಗೆದು ಹಾಕಿದ ಹಣ್ಣು ತುಳಿಯುವ ಧೈರ್ಯ ಯಾರಿಗಿದೆ? ಕಲ್ಯಾಣದುರ್ಗದ ಬಸ್ಸು ನಿಂತೇಬಿಟ್ಟಿತು. ಅದರ ಹಿಂದೆ ಇಂಜಿನಿಯರ ಜೀಪು. ಅವರು ತಲೆ ಹೊರಗೆ ಹಾಕಿ ಹಣ್ಣು ನೋಡಿ, "ಒರೇ, ಮೆಲ್ಲಗಾ, ಮೆಲ್ಲಗಾ," ಎಂದು ತಮ್ಮ ಡ್ರೈವರಿಗೆ ತೆಲುಗಿನಲ್ಲಿ ಗದರುತ್ತಿದ್ದರು.

ಆ ಗಳಿಗೆಯಲ್ಲಿ ಎದುರು ಜಗಲಿಯಿಂದ ಚಿಕ್ಕಮ್ಮ ಎದ್ದಳು. ಕೋಲೂರಿಕೊಂಡು, ಬಸ್ಸಿನ ಮೂತಿಯ ಮುಂದೆಯೇ, ಅವಸರವಿಲ್ಲದೆ ದಾಟಿ ಬಂದಳು. ಯಾರೂ ಹಾರ್ನ್ ಹೊಡೆಯಲಿಲ್ಲ.

"ಬಂದ್ಬುಟ್ಯಾ?" ಅಂದಳು ದೊಡ್ಡಮ್ಮ. ಇಬ್ಬರೂ ಕೈ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡರು.

ಮಧ್ಯಾಹ್ನ ಕಂಬದೂರು ಕಡೆಯ ಮೇಕೆ ಮಂದೆಯೊಂದು ಬಂದು ಅಷ್ಟೂ ಹೋಳು ತಿಂದು ಮುಂದೆ ಹೋಯಿತು. ಅವಕ್ಕೆ ಯಾವ ದೃಷ್ಟಿ, ಯಾವ ಭಯ? ಇಂಜಿನಿಯರು ನನ್ನ ನಕ್ಷೆ ಇಸಿದುಕೊಂಡು, ಹಣ್ಣಿದ್ದ ಜಾಗಕ್ಕೇ ಗುರುತು ಹಾಕಿದರು. ತಿಂಗಳೊಳಗೆ ಹಂಪ್ಸ್ ಬಂತು.

ಪಾನಕವನ್ನು ಚೊಂಬಿಗೆ ತುಂಬಿ ಈಗಷ್ಟೇ ದೊಡ್ಡಮ್ಮನಿಗೆ ಕೊಟ್ಟು ಬಂದೆ. ಅವಳದು ಹೊಸ ದೂರು.

"ಆ ಹಂಪ್ಸ್ ತೆಗೆಸ್ಬುಡಪ್ಪ. ನಿನ್ ಚಿಕ್ಕಮ್ಮ ದಿನಾ ಬತ್ತಾಳೆ, ನಾನ್ ಮಾಡಿದ್ ಸಾರಿಗೆಲ್ಲ ಉಪ್ಪಿಲ್ಲ ಅಂತಾಳೆ."

ನಾನು ಭಾಷಣ ಬಿಗಿಯಲಿಲ್ಲ. ಅಷ್ಟು ಬುದ್ಧಿ ಬಂದಿದೆ. ಸಮಿತಿಯ ಮುಂದಿಡುತ್ತೇನೆ ಅಂದೆ. ಅವಳು ಬೈಯುತ್ತಲೇ ಪಾನಕವನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದಕ್ಕೆ ಮುಚ್ಚಳ ಮುಚ್ಚಿದಳು. ಹೊರಗೆ ಕಲ್ಯಾಣದುರ್ಗದ ಬಸ್ಸು ನಿಧಾನಿಸಿದ ಸದ್ದಾಯಿತು. ದೊಡ್ಡಮ್ಮ ಮುಚ್ಚಳ ತೆಗೆದಳು.